ಇನ್ಸುಲಿನ್ ಕಟ್ಟಿಕೊಂಡು ವಿಮಾನ ಹತ್ತುವುದು: ಜೆಲ್ ಚೀಲ, ಒದ್ದೆ ಚೀಲ ಮತ್ತು ಮನೆಯ ಗಂಜಿ ಫ್ಲಾಸ್ಕ್

ಮೊದಲೇ ಹೇಳಿಬಿಡುತ್ತೇನೆ, ಪ್ರಯಾಣದಲ್ಲಿ ಇನ್ಸುಲಿನ್ ತಂಪಾಗಿಡಲು ನನಗೆ ಸರಿ ಬಂದದ್ದು ಫ್ಲಾಸ್ಕ್. ಅದೂ ಹೊಸದಲ್ಲ. ಗಂಜಿ ಹಾಕಿ ಕೊಂಡೊಯ್ಯಲು ತಂದಿದ್ದ ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್. ಅದಕ್ಕೆ ಮೊದಲು ಎರಡು ಚೀಲಕ್ಕೆ ಸುಮ್ನೆ 2,700 ರೂಪಾಯಿ ಸುರಿದೆ. ಬೇರೆಯವರದ್ದಾದರೂ ಉಳಿಯಲಿ ಎಂದು ಬರೆಯುತ್ತಿದ್ದೇನೆ.

ನಾನು ಉಡುಪಿ ಹತ್ತಿರದ ಕಾಪುವಿನವಳು. 11 ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಊಟಕ್ಕೆ ಮೊದಲು ನೊವೊರಾಪಿಡ್, ರಾತ್ರಿ ಲ್ಯಾಂಟಸ್. ತಮ್ಮ ಮುಂಬೈಯಲ್ಲಿ, ಮಗಳು ದುಬೈಯಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಮೂರು ಸಲ ಮಂಗಳೂರಿನ ಬಜ್ಪೆಯಿಂದ ವಿಮಾನ ಹತ್ತುವುದು ಇದ್ದೇ ಇರುತ್ತದೆ.

ಚೆಕ್-ಇನ್ ಬ್ಯಾಗಿನಲ್ಲಿ ಇನ್ಸುಲಿನ್ ಇಡುವ ಮಾತೇ ಬೇಡ. ಬ್ಯಾಗ್ ರನ್‌ವೇ ಬದಿಯ ಬಿಸಿಲಲ್ಲಿ ಕಾಯಬಹುದು, ವಿಮಾನದ ಹೊಟ್ಟೆಯೊಳಗೆ ಹೋದ ಮೇಲೆ ಚಳಿಗೆ ಸಿಕ್ಕಬಹುದು, ಬೇರೆ ಊರಿಗೇ ಹೋಗಿಬಿಡಬಹುದು. ರೊಟ್ಟಿ, ಮಾವಿನ ಮಿಡಿ, ತೆಂಗಿನೆಣ್ಣೆ ಎಲ್ಲ ಅದರಲ್ಲಿ ಹೋಗಲಿ. ಇನ್ಸುಲಿನ್ ಪೆನ್ನು, ಸೂಜಿ, ಗ್ಲುಕೋಮೀಟರ್, ವೈದ್ಯರ ಚೀಟಿ ಕೈಚೀಲದಲ್ಲಿ.

ಮೊದಲು ಕೊಂಡದ್ದು ಜೆಲ್ ಚೀಲ, 900 ರೂಪಾಯಿ. ಒಳಗೆ ಎರಡು ನೀಲಿ ಜೆಲ್ ಪ್ಯಾಕ್. ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಕಲ್ಲಿನ ಹಾಗೆ ಗಟ್ಟಿಯಾದ ಪ್ಯಾಕನ್ನು ಪೆನ್ನುಗಳಿಗೆ ತಾಗಿಸಿಯೇ ಇಟ್ಟೆ. ತಂಪು ಜಾಸ್ತಿ ಇದ್ದಷ್ಟು ಒಳ್ಳೆಯದು ಎಂದುಕೊಂಡಿದ್ದೆ. ಅದೇ ತಪ್ಪಾದದ್ದು. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಿತು, ಕರಗಿದ ಮೇಲೆ ಬಳಸುವ ಹಾಗಿಲ್ಲ. ಮುಂಬೈಯಲ್ಲಿ ತೆಗೆದು ನೋಡಿದಾಗ ನೀರಿನ ಹಾಗೆ ತಿಳಿಯಾಗಿಯೇ ಇತ್ತು. ಚುಚ್ಚಿಕೊಂಡೆ. ಊಟವಾಗಿ ಎರಡು ಗಂಟೆಗೆ ಸಕ್ಕರೆ 312. ಮರುದಿನವೂ ಇಳಿಯಲಿಲ್ಲ. ತಮ್ಮ ಹೊಸ ಪೆನ್ನು ತಂದುಕೊಟ್ಟ ಮೇಲೆ ಅದೇ ಯೂನಿಟ್‌ಗೆ 160ಕ್ಕೆ ಬಂತು. ಆಗಲೇ ನನಗೆ ವಿಷಯ ತಿಳಿದದ್ದು.

ಜೆಲ್ ಪ್ಯಾಕಿಗೆ ಇನ್ನೊಂದು ತಕರಾರಿದೆ. ಗಟ್ಟಿ ಇರುವಾಗ ಅದು ಮಂಜುಗಡ್ಡೆ, ಅರ್ಧ ಕರಗಿದರೆ ದ್ರವ. ಹೊರದೇಶದ ವಿಮಾನಕ್ಕೆ ದ್ರವ, ಜೆಲ್ ಎಲ್ಲಕ್ಕೂ 100 ಮಿಲಿಯ ಮಿತಿ. ಔಷಧಿಗೆ ವಿನಾಯಿತಿ ಇದೆ, ಅದರ ಜೊತೆಯ ಪ್ಯಾಕಿಗೆ ಮಾತ್ರ ಪ್ರತಿ ಸಲ ವಿವರಣೆ ಕೊಡಬೇಕು.

ಆಮೇಲೆ ಒದ್ದೆ ಚೀಲ, 1,800 ರೂಪಾಯಿ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಯಾಕೆಂದರೆ ಎಲ್ಲರೂ ಹೊಗಳುವುದು ಇದನ್ನೇ, ನಮ್ಮ ಕರಾವಳಿಯಲ್ಲಿ ಮೋಸ ಹೋಗುವುದೂ ಇದರಲ್ಲೇ.

ಬಟ್ಟೆಯ ಹೊಲಿಗೆಯೊಳಗೆ ಹರಳು ಹರಳು ಪುಡಿ ಇರುತ್ತದೆ. ಹತ್ತು ನಿಮಿಷ ನೀರಲ್ಲಿ ಮುಳುಗಿಸಿದರೆ ನೆನೆದ ಸಾಬಕ್ಕಿಯ ಹಾಗೆ ಉಬ್ಬುತ್ತದೆ. ಆ ನೀರು ಮೆಲ್ಲ ಮೆಲ್ಲ ಆರುತ್ತಾ ಒಳಗಿನ ಪೆನ್ನನ್ನು ತಂಪಾಗಿಡುತ್ತದೆ. ಫ್ರೀಜರ್ ಬೇಡ, ಹೆಪ್ಪುಗಟ್ಟುವ ಹೆದರಿಕೆ ಇಲ್ಲ. ಕೇಳಲು ಎಷ್ಟು ಚೆಂದ ಅಲ್ವಾ?

ಆದರೆ ನೀರು ಆರಬೇಕಲ್ಲ! ಮಣ್ಣಿನ ಹೂಜಿಯನ್ನೇ ನೋಡಿ. ಹುಬ್ಬಳ್ಳಿಯ ಬೇಸಿಗೆಯಲ್ಲಿ ಅದರ ನೀರು ಹಲ್ಲು ಜುಂ ಎನ್ನುವಷ್ಟು ತಣ್ಣಗಿರುತ್ತದೆ. ಅದೇ ಹೂಜಿಯನ್ನು ನಮ್ಮಲ್ಲಿ ಇಟ್ಟರೆ ನಲ್ಲಿ ನೀರಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಹೊರಗೆ 33 ಡಿಗ್ರಿ, ಗಾಳಿಯ ತೇವ ಶೇಕಡಾ 30 ಇದ್ದರೆ ಒದ್ದೆ ಬಟ್ಟೆ 21 ಡಿಗ್ರಿಯ ಹತ್ತಿರಕ್ಕೆ ಇಳಿಯಬಹುದು. ಅದೇ 33ಕ್ಕೆ ತೇವ ಶೇಕಡಾ 70 ಇದ್ದರೆ 28ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಮೇ ತಿಂಗಳಲ್ಲಿ ನಮ್ಮದು ಎರಡನೆಯ ಲೆಕ್ಕ. ತೆರೆದ ಪೆನ್ನಿಗೆ 30 ಡಿಗ್ರಿ ಮಿತಿ. 28 ಎಂದರೆ ಅಂಚಿನಲ್ಲೇ ನಿಂತ ಹಾಗೆ. ಅದೂ ಚೀಲ ಗಾಳಿಗೆ ತೆರೆದಿದ್ದರೆ ಮಾತ್ರ. ಕೈಚೀಲದೊಳಗೆ ತುರುಕಿ ಜಿಪ್ ಹಾಕಿದರೆ ಅಷ್ಟೂ ಇಲ್ಲ.

ನಾನು ಜಿಪ್ ಹಾಕಿದ್ದೆ. ಬಜ್ಪೆಗೆ ತಲುಪುವಾಗ ವೈದ್ಯರ ಚೀಟಿ ಒದ್ದೆಯಾಗಿ ನೀಲಿ ಶಾಯಿ ಹಬ್ಬಿತ್ತು. ಲ್ಯಾಂಟಸ್ ಎನ್ನುವಲ್ಲಿ ಲ್ಯಾ ಮಾತ್ರ ಉಳಿದಿತ್ತು. ಪುಣ್ಯಕ್ಕೆ ಪೆನ್ನಿನ ಪೆಟ್ಟಿಗೆ ಎಸೆದಿರಲಿಲ್ಲ. ಅದರ ಮೇಲಿನ ಅಂಗಡಿ ಲೇಬಲ್ ತೋರಿಸಿ ದಾಟಿದೆ. ಈಗ ಚೀಟಿಯ ಫೋಟೋ ಫೋನಿನಲ್ಲಿ, ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ.

ಮರಳಿ ಬಂದದ್ದು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ. ಆ ಮಳೆಯಲ್ಲಿ ಮೈ ಒರೆಸುವ ಬೈರಾಸೇ ಒಣಗುವುದಿಲ್ಲ, ಇದು ಒಣಗುತ್ತದಾ? ಫ್ಯಾನಿನ ಕೆಳಗೆ ಒಂದು ವಾರ ನೇತು ಹಾಕಿದೆ. ಹರಳು ಒಳಗೆ ಜಿಲಜಿಲ ಅನ್ನುತ್ತಲೇ ಇತ್ತು. ಎಂಟನೆಯ ದಿನ ಮುಗ್ಗಲು ವಾಸನೆ, ಹೊಲಿಗೆಯುದ್ದಕ್ಕೂ ಕಪ್ಪು ಚುಕ್ಕೆ. ಔಷಧಿ ಇಡುವ ಚೀಲಕ್ಕೆ ಬೂಸ್ಟು ಹಿಡಿದರೆ ಮತ್ತೆ ಅದನ್ನು ಮುಟ್ಟಲು ಮನಸ್ಸಾಗುತ್ತದಾ? ಬೆಂಗಳೂರಿನವರಿಗೆ, ಉತ್ತರ ಕರ್ನಾಟಕದವರಿಗೆ ಇದು ಒಳ್ಳೆಯ ವಸ್ತುವೇ. ಕಾಪು, ಮಲ್ಪೆ, ಸುರತ್ಕಲ್‌ನವರಿಗೆ ಅಲ್ಲ.

ಬ್ಯಾಟರಿ ಫ್ರಿಜ್ ಒಂದು ಸಲ ನೆಂಟರಿಂದ ತಂದು ನೋಡಿದೆ. ಕೆಲಸ ಚೆನ್ನಾಗಿ ಮಾಡುತ್ತದೆ. ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ಲಿಥಿಯಂ ಬ್ಯಾಟರಿ ಆದ್ದರಿಂದ ಪವರ್ ಬ್ಯಾಂಕಿನ ಹಾಗೆ ಕೈಚೀಲದಲ್ಲೇ ಇರಬೇಕು, ವಿಮಾನ ಕಂಪನಿಯ ಒಪ್ಪಿಗೆ ಇಲ್ಲದೆ ಅದರ ಸಾಮರ್ಥ್ಯ 100 ವ್ಯಾಟ್-ಅವರ್ ಮೀರಬಾರದು.

ಈಗ ಫ್ಲಾಸ್ಕ್. ಹಿಂದಿನ ರಾತ್ರಿ ಮುಚ್ಚಳ ತೆಗೆದು ಫ್ರಿಜ್ಜಿನಲ್ಲಿಡುತ್ತೇನೆ. ಫ್ರೀಜರಿನಲ್ಲಿ ಅಲ್ಲ, ಕೆಳಗೆ. ಜೊತೆಗೆ 100 ಮಿಲಿಯ ಎರಡು ಪುಟ್ಟ ಬಾಟಲಿ, ತುಂಬ ನೀರು. ಬೆಳಿಗ್ಗೆ ಬಾಟಲಿಗಳನ್ನು ಹಳೆ ಬೈರಾಸಿನ ತುಂಡಿನಲ್ಲಿ ಸುತ್ತಿ, ನಡುವೆ ಪೆನ್ನು ಇಟ್ಟು, ಮುಚ್ಚಳ ತಿರುಗಿಸಿದರೆ ಆಯಿತು. ಎಲ್ಲವೂ ಫ್ರಿಜ್ಜಿನ ತಂಪಿನಲ್ಲೇ ಇರುವುದರಿಂದ ಹೆಪ್ಪುಗಟ್ಟುವ ಪ್ರಶ್ನೆ ಇಲ್ಲ. ಬಾಟಲಿಗಳನ್ನು ಪಾರದರ್ಶಕ ಜಿಪ್ ಕವರಿಗೆ ಹಾಕಿದರೆ ದ್ರವದ ನಿಯಮದೊಳಗೇ ಬರುತ್ತದೆ. ಬಾಟಲಿಯೇ 100 ಮಿಲಿಯದ್ದಾಗಿರಬೇಕು ಎನ್ನುವುದು ನೆನಪಿರಲಿ. ದೊಡ್ಡ ಬಾಟಲಿಯಲ್ಲಿ ಅರ್ಧ ನೀರು ತುಂಬಿ ಒಯ್ದರೆ ಬಿಡುವುದಿಲ್ಲ.

ಕಳೆದ ದುಬೈ ಪ್ರಯಾಣದಲ್ಲಿ ಫ್ಲಾಸ್ಕಿನೊಳಗೆ ಪುಟ್ಟ ಥರ್ಮಾಮೀಟರ್ ಇಟ್ಟಿದ್ದೆ. ಹೊರಡುವಾಗ 6 ಡಿಗ್ರಿ. ಹತ್ತು ಗಂಟೆ ಕಳೆದು ಮಗಳ ಮನೆಯಲ್ಲಿ ತೆರೆದಾಗ 22. ನನಗೆ ಅಷ್ಟು ಸಾಕು. ತೆರೆಯದ ಪೆನ್ನಿಗೆ 2ರಿಂದ 8 ಡಿಗ್ರಿ ಬೇಕು ನಿಜ, ಆದರೆ ಫ್ರಿಜ್ಜಿನಿಂದ ಹೊರಗೆ ಬಂದ ಮೇಲೂ 30 ಡಿಗ್ರಿಯ ಒಳಗಿದ್ದರೆ ಈ ಎರಡೂ ಇನ್ಸುಲಿನ್‌ಗಳಿಗೆ 28 ದಿನದ ಲೆಕ್ಕ. ಮಗಳ ಮನೆಯಲ್ಲಿ ನಾನು ನಿಲ್ಲುವುದು ಮೂರು ವಾರ. ಬಾಣಂತನಕ್ಕೆ ಮೂರು ನಾಲ್ಕು ತಿಂಗಳು ಹೋಗುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಬ್ಯಾಟರಿ ಫ್ರಿಜ್ಜಿಗೆ ಹಣ ಹಾಕುವುದು ಸರಿ.

ಫ್ಲಾಸ್ಕಿಗೂ ಒಂದು ಕೊರತೆ ಇದೆ. ಎಕ್ಸ್‌ರೇಯಲ್ಲಿ ಸ್ಟೀಲಿನ ಒಳಗೆ ಏನಿದೆ ಎಂದು ಸರಿಯಾಗಿ ಕಾಣುವುದಿಲ್ಲ, ತೆರೆದು ತೋರಿಸಲು ಹೇಳುತ್ತಾರೆ. ಅದಕ್ಕೆ ಟ್ರೇಯಲ್ಲಿ ಇಡುವಾಗಲೇ ಇನ್ಸುಲಿನ್ ಎಂದು ಹೇಳಿ, ಚೀಟಿ ಮೇಲಿಡುತ್ತೇನೆ. ನಮ್ಮ ಟಿಕೆಟ್ಟಿನಲ್ಲಿ ಕೈಚೀಲಕ್ಕೆ ಇರುವ 7 ಕಿಲೋದಲ್ಲಿ ಅರ್ಧ ಕಿಲೋಕ್ಕಿಂತ ಜಾಸ್ತಿ ಇದಕ್ಕೇ ಹೋಗುತ್ತದೆ. ಹೋಗಲಿ, ಒಂದು ಸೀರೆ ಕಡಿಮೆ ಮಾಡುತ್ತೇನೆ.

ಯಾವುದರಲ್ಲಿ ಒಯ್ದರೂ ಪೆನ್ನಿಗೆ ಸೂಜಿ ಸಿಕ್ಕಿಸಿಕೊಂಡು ಹಾರಬೇಡಿ. ಒತ್ತಡ ಬದಲಾಗುವಾಗ ಗಾಳಿಗುಳ್ಳೆ ಸೇರುತ್ತದೆ. ಚುಚ್ಚುವ ಮೊದಲು ಎರಡು ಯೂನಿಟ್ ಹೊರಗೆ ಬಿಟ್ಟು ನೋಡಿ. ಸಕ್ಕರೆ ಇಳಿದರೆ ಎಂದು ಸೀಟಿನ ಮುಂದಿನ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಮೇಲಿನ ಕಪಾಟಿನಲ್ಲಿಟ್ಟರೆ ಬೆಲ್ಟ್ ಹಾಕಿ ಕೂತ ಹೊತ್ತಿನಲ್ಲಿ ಕೈಗೆ ಸಿಗುವುದಿಲ್ಲ.

ಮುಂದಿನ ಪ್ರಯಾಣ ಬರುವ ತಿಂಗಳು. ಎರಡು ಪುಟ್ಟ ಬಾಟಲಿಗಳು ಈಗಲೇ ಫ್ರಿಜ್ಜಿನ ಬಾಗಿಲಲ್ಲಿವೆ. ಯಾರೂ ಕುಡಿಯದಿರಲಿ ಎಂದು ಮುಚ್ಚಳಕ್ಕೆ ಕೆಂಪು ನೂಲು ಕಟ್ಟಿದ್ದೇನೆ.