ಲಂಡನ್ನಿನ ಇತಿಹಾಸಕ್ಕೆ ಮೂರು ದಾರಿ: ಬಸ್ಸು, ದೋಣಿ, ಕಾಲ್ನಡಿಗೆ

ಲಂಡನ್ನಿನಲ್ಲಿ ಅಕ್ಕನ ಮಗನ ಮನೆಯಲ್ಲಿ ಹತ್ತು ದಿನ ಉಳಿದಿದ್ದಾಗ ಆ ನಗರದ ಹಳೆಯ ಭಾಗವನ್ನು ಮೂರು ಬಗೆಯಲ್ಲಿ ನೋಡಿದೆ. ಒಂದು ದಿನ ಎರಡಂತಸ್ತಿನ ಬಸ್ಸಿನಲ್ಲಿ, ಒಂದು ದಿನ ಥೇಮ್ಸ್ ನದಿಯ ದೋಣಿಯಲ್ಲಿ, ಎರಡು ದಿನ ಕಾಲ್ನಡಿಗೆಯಲ್ಲಿ. ಮೂರನ್ನೂ ಹೋಲಿಸಲು ಒಂದು ಸಮಾನ ಅಳತೆ ಬೇಕಿತ್ತು; ಅದಕ್ಕಾಗಿ 1666ರ ಮಹಾ ಬೆಂಕಿಯನ್ನು ಆರಿಸಿಕೊಂಡೆ. ಆ ವರ್ಷದ ಸೆಪ್ಟೆಂಬರ್ 2ರ ನಸುಕಿನಲ್ಲಿ ಪುಡ್ಡಿಂಗ್ ಲೇನ್ ಎಂಬ ಓಣಿಯ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿ ಸುಮಾರು 13,200 ಮನೆಗಳನ್ನು, 87 ಚರ್ಚುಗಳನ್ನು ಮತ್ತು ಹಳೆಯ ಸೇಂಟ್ ಪಾಲ್ಸ್ ಕೆಥೆಡ್ರಲನ್ನು ಸುಟ್ಟಿತು. ಇಂದಿನ ‘ಸಿಟಿ’ ಎಂಬ ಒಳನಗರದ ಬಹುಭಾಗ ಆ ಬೂದಿಯ ಮೇಲೆ ಎದ್ದಿರುವುದರಿಂದ, ಬೆಂಕಿಯನ್ನು ಚೆನ್ನಾಗಿ ತಿಳಿಸಿಕೊಡುವ ದಾರಿಯೇ ನಗರವನ್ನೂ ತಿಳಿಸಿಕೊಡುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು.

ಬಸ್ಸಿನ ವಿಷಯದಲ್ಲಿ ಹೇಳುವುದು ಕಡಿಮೆ. ಟ್ರಫಾಲ್ಗರ್ ಚೌಕದ ಬಳಿಯಿಂದ ಪೂರ್ವಕ್ಕೆ ಸಾಗುವ 15ನೇ ನಂಬರಿನ ಬಸ್ಸು ಸ್ಟ್ರ್ಯಾಂಡ್, ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ಹಾದು ಟವರ್ ಕೋಟೆಯ ಕಡೆಗೆ ಹೋಗುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಬ್ಯಾಂಕ್ ಕಾರ್ಡನ್ನು ತಾಗಿಸಿದರೆ ಸಾಕು. ಪ್ರವಾಸಿ ಬಸ್ಸುಗಳ ಟಿಕೆಟ್ಟಿಗೆ ಹೋಲಿಸಿದರೆ ಖರ್ಚು ತೀರಾ ಅಲ್ಪ. ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕುಳಿತು ಲಡ್‌ಗೇಟ್ ದಿಬ್ಬವನ್ನು ಏರುವಾಗ ಸೇಂಟ್ ಪಾಲ್ಸಿನ ಗುಮ್ಮಟ ಎದುರಿಗೆ ಬರುವ ಆ ಅರ್ಧ ನಿಮಿಷ ನಿಜವಾಗಿಯೂ ಭವ್ಯವಾದದ್ದು. ಆದರೆ ಬೆಂಕಿಯ ಸ್ಮಾರಕಸ್ತಂಭ ಕಟ್ಟಡಗಳ ಸಂದಿಯಲ್ಲಿ ಕ್ಷಣಕಾಲ ಕಂಡು ಮರೆಯಾಯಿತು. ನಗರದ ದಿಕ್ಕುಗಳು ಮನಸ್ಸಿನಲ್ಲಿ ಕೂರಲು ಬಸ್ಸು ಒಳ್ಳೆಯದು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬಾರದು.

ದೋಣಿ ಹತ್ತುವ ಬೆಳಿಗ್ಗೆ, ಕನ್ನಡತಿಯಾಗಿ ಬಿಟ್ಟುಬಿಡಲಾಗದ ಒಂದು ಕೆಲಸವನ್ನು ಮೊದಲು ಮುಗಿಸಿದೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಆಚೆ ದಡದಲ್ಲಿ ಲ್ಯಾಂಬೆತ್ ಸೇತುವೆಯವರೆಗೆ ನಡೆದು, ಅಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಬ್ರಿಟನ್ನಿನ ಪಾರ್ಲಿಮೆಂಟು ಕಾಣುವಷ್ಟು ಹತ್ತಿರದಲ್ಲಿ ಅನುಭವ ಮಂಟಪದ ಬಸವಣ್ಣನವರಿಗೆ ಜಾಗ ದೊರೆತದ್ದು ಸರಿಯಾಗಿದೆ ಎನ್ನಿಸಿತು. ಆಮೇಲೆ ವೆಸ್ಟ್‌ಮಿನ್‌ಸ್ಟರ್ ಕಟ್ಟೆಯಿಂದ ಗ್ರೀನಿಚ್‌ಗೆ ಸುಮಾರು ಒಂದು ಗಂಟೆಯ ದೋಣಿ ಪ್ರಯಾಣ.

ನಗರ ಇಲ್ಲೇ ಏಕೆ ಹುಟ್ಟಿತು ಎಂಬ ಪ್ರಶ್ನೆಗೆ ದೋಣಿಯಷ್ಟು ಸ್ಪಷ್ಟವಾಗಿ ಬೇರಾವುದೂ ಉತ್ತರ ಕೊಡಲಿಲ್ಲ. ಸಮುದ್ರದ ಉಬ್ಬರವಿಳಿತ ಲಂಡನ್ನಿನ ಒಳಗೂ ನೀರನ್ನು ಸುಮಾರು 7 ಮೀಟರಿನವರೆಗೆ ಏರಿಸಿ ಇಳಿಸುತ್ತದೆ. ಹಡಗುಗಳು ಆ ಉಬ್ಬರದೊಂದಿಗೆ ಒಳಬರಬಹುದಾದ, ಹಾಗೆಯೇ ಸೇತುವೆ ಕಟ್ಟಲೂ ಸಾಧ್ಯವಾದ ಜಾಗದಲ್ಲಿ ರೋಮನ್ನರು ಮೊದಲ ಶತಮಾನದಲ್ಲಿ ಲಂಡಿನಿಯಮ್ ಕಟ್ಟಿದರು. ಬೆಂಕಿಯ ಅರ್ಧ ಕಥೆಯನ್ನೂ ನದಿಯೇ ಹೇಳಿತು. ಉತ್ತರ ದಡದ ಉಗ್ರಾಣಗಳಲ್ಲಿ ಎಣ್ಣೆ, ಕೊಬ್ಬು, ಹುಲ್ಲು, ಕಲ್ಲಿದ್ದಲು ತುಂಬಿದ್ದವು. ಅವು ಹತ್ತಿಕೊಂಡ ಮೇಲೆ ಜನ ನೀರಿಗಾಗಿ ನದಿಯ ಬಳಿಗೆ ಬರುವುದೇ ಕಷ್ಟವಾಯಿತು. ಆದರೂ ದಕ್ಷಿಣ ದಡದ ಸದರ್ಕ್ ಉಳಿಯಿತು. ಆಗ ಮನೆಗಳಿಂದ ತುಂಬಿದ್ದ ಲಂಡನ್ ಸೇತುವೆಯ ಉತ್ತರ ಭಾಗ 1633ರಲ್ಲಿಯೇ ಒಮ್ಮೆ ಸುಟ್ಟು ನಡುವೆ ಖಾಲಿ ಜಾಗ ಬಿದ್ದಿತ್ತು. ಜ್ವಾಲೆ ಅಲ್ಲಿಯೇ ನಿಂತಿತು. 1973ರ ಈಗಿನ ಕಾಂಕ್ರೀಟ್ ಸೇತುವೆಯ ಕೆಳಗೆ ದೋಣಿ ಹಾಯುವಾಗ ಎರಡೂ ದಡಗಳನ್ನು ನೋಡಿದರೆ ಆ ಅಂತರದ ಬೆಲೆ ತಿಳಿಯುತ್ತದೆ. ಮುಂದೆ, ಒಂದು ಕಾಲಕ್ಕೆ ಚಹಾ ಮತ್ತು ಮಸಾಲೆ ಪದಾರ್ಥಗಳನ್ನು ತುಂಬಿಡುತ್ತಿದ್ದ ಬಟ್ಲರ್ಸ್ ವಾರ್ಫ್ ಈಗ ವಾಸದ ಮನೆಗಳಾಗಿದೆ. ದೋಣಿಯ ಕೊರತೆ ಒಂದೇ, ಆದರೆ ದೊಡ್ಡದು: ಅದು ದಡದ ಬೆನ್ನನ್ನು ತೋರಿಸುತ್ತದೆ, ಓಣಿಯ ಒಳಗನ್ನು ತೋರಿಸುವುದಿಲ್ಲ.

ಒಳಗನ್ನು ನೋಡಿದ್ದು ನಡೆದಾಗ. ಟವರ್ ಹಿಲ್ ನಿಲ್ದಾಣದ ಬಳಿಯ ರೋಮನ್ ಗೋಡೆಯಿಂದ ಹೊರಟು ಸ್ಮಾರಕಸ್ತಂಭದ ಬುಡಕ್ಕೆ ಬಂದೆ. 202 ಅಡಿ ಎತ್ತರದ ಆ ಕಂಬ, ಬೆಂಕಿ ಹೊತ್ತಿದ ಜಾಗದಿಂದ ಅಷ್ಟೇ ದೂರದಲ್ಲಿದೆ. ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ ಮತ್ತು ವಿಜ್ಞಾನಿ ರಾಬರ್ಟ್ ಹುಕ್ ಅದನ್ನು 1677ರಲ್ಲಿ ಮುಗಿಸಿದರು. ನಡುವಿನ ಪೊಳ್ಳನ್ನು ಆಕಾಶ ನೋಡುವ ದೂರದರ್ಶಕವಾಗಿಯೂ ಬಳಸಬೇಕೆಂಬುದು ಅವರ ಉದ್ದೇಶವಾಗಿತ್ತು. ಸುರುಳಿ ಮೆಟ್ಟಿಲು 311; ಮಂಡಿನೋವಿನವರಿಗೆ ಹತ್ತಿರೆಂದು ನಾನು ಹೇಳಲಾರೆ. ಆದರೆ ಮೇಲೇರುವುದಕ್ಕಿಂತ ಬುಡದ ಶಾಸನವನ್ನು ಓದುವುದೇ ನನಗೆ ಮುಖ್ಯವೆನಿಸಿತು. 1681ರಲ್ಲಿ ಈ ಬೆಂಕಿಗೆ ಕ್ಯಾಥೊಲಿಕರೇ ಕಾರಣವೆಂಬ ಸಾಲನ್ನು ಕೆತ್ತಿ, 1830ರಲ್ಲಿ ಅದನ್ನು ಅಳಿಸಿದರು. ತಾನೇ ಬೆಂಕಿ ಇಟ್ಟೆನೆಂದು ಒಪ್ಪಿಕೊಂಡ ರಾಬರ್ಟ್ ಹ್ಯೂಬರ್ ಎಂಬ ಫ್ರೆಂಚ್ ಗಡಿಯಾರದವನನ್ನು ಗಲ್ಲಿಗೇರಿಸಿದ ಮೇಲೆ, ಬೆಂಕಿ ಹೊತ್ತಿದ ದಿನ ಅವನು ಲಂಡನ್ನಿನಲ್ಲಿಯೇ ಇರಲಿಲ್ಲವೆಂಬುದು ಗೊತ್ತಾಯಿತು. ದುಃಖದಲ್ಲಿದ್ದ ನಗರವೊಂದು ಹೊರಗಿನವನ ಮೇಲೆ ಹೇಗೆ ತಿರುಗಿಬಿತ್ತು ಎಂಬುದನ್ನು ಬಸ್ಸಿನ ಕಿಟಕಿಯೂ ದೋಣಿಯ ಕಟಾಂಜನವೂ ನನಗೆ ತಿಳಿಸಿರಲಿಲ್ಲ.

ನಡಿಗೆಯಲ್ಲಿ ತಿಳಿದ ಇನ್ನೊಂದು ಸಂಗತಿಯೆಂದರೆ, ಮನೆಗಳನ್ನು ಇಟ್ಟಿಗೆ ಕಲ್ಲುಗಳಿಂದ ಮತ್ತೆ ಕಟ್ಟಿದರೂ ಬೀದಿಗಳ ಗೆರೆಯನ್ನು ಬಹುಮಟ್ಟಿಗೆ ಹಳೆಯದರಂತೆಯೇ ಉಳಿಸಿಕೊಂಡರು. ಆದುದರಿಂದಲೇ ಗಾಜಿನ ಗೋಪುರಗಳ ನಡುವೆ ಇಬ್ಬರು ಅಕ್ಕಪಕ್ಕ ನಡೆಯಲಾಗದಂಥ ಓಣಿಗಳು ಇನ್ನೂ ಇವೆ. ಅಂಥ ಒಂದರಲ್ಲಿ, ಸೇಂಟ್ ಮೈಕೆಲ್ಸ್ ಆ್ಯಲಿಯಲ್ಲಿ, 1652ರಲ್ಲಿ ಲಂಡನ್ನಿನ ಮೊದಲ ಕಾಫಿಮನೆ ತೆರೆಯಿತು. ಈಗ ಅಲ್ಲಿ ಫಲಕವಿದೆ. ಅಲ್ಲಿಂದ ಸಮೀಪದ ಲೆಡನ್‌ಹಾಲ್ ಬೀದಿಯಲ್ಲಿ, ಇಂದಿನ ಲಾಯ್ಡ್ಸ್ ಕಟ್ಟಡದ ಜಾಗದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿ ಇತ್ತು. 1799ರಲ್ಲಿ ಶ್ರೀರಂಗಪಟ್ಟಣದಿಂದ ಕೊಳ್ಳೆಹೊಡೆದು ತಂದ ಟಿಪ್ಪುವಿನ ಮರದ ಹುಲಿಯನ್ನು ಕಂಪನಿ ಇಲ್ಲಿಯೇ ಪ್ರದರ್ಶನಕ್ಕಿಟ್ಟಿತ್ತು. ಈಗ ಅದು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿ ಹುಲಿಯನ್ನು ನೋಡುವ ಮೊದಲು ಈ ಬೀದಿಯಲ್ಲಿ ನಿಂತದ್ದರಿಂದ ನನಗೆ ಅದರ ಪ್ರಯಾಣದ ದೂರ ಮನಸ್ಸಿಗೆ ತಟ್ಟಿತು.

ಒಂದೇ ದಿನ ಇರುವವರು ನಡೆಯಬೇಕು. ಎರಡು ದಿನವಿದ್ದರೆ ಮೊದಲು ದೋಣಿ, ಮರುದಿನ ನಡಿಗೆ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಬಸ್ಸನ್ನು ಸೇಂಟ್ ಪಾಲ್ಸಿನ ಬಳಿ ಇಳಿದು ಅಲ್ಲಿಯೇ ಸಮಯ ಕಳೆಯುವುದು ಲೇಸು.

ನಡಿಗೆಯನ್ನು ಹಳೆಯ ಗೋಡೆಯ ಆಚೆಗೂ, ಬ್ರಿಕ್ ಲೇನಿನವರೆಗೂ ಮುಂದುವರಿಸಬೇಕು. ಅಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು 1743ರಲ್ಲಿ ಕಟ್ಟಿಕೊಂಡ ಪ್ರಾರ್ಥನಾ ಮಂದಿರವೊಂದಿದೆ. ಮುಂದೆ ಅದು ಮೆಥಡಿಸ್ಟರದಾಗಿ, 1898ರಲ್ಲಿ ಯಹೂದಿಯರ ಸಿನಗಾಗ್ ಆಗಿ, 1976ರಲ್ಲಿ ಬಂಗಾಳಿ ಮುಸ್ಲಿಮರ ಮಸೀದಿಯಾಯಿತು. ಗೋಡೆಯ ಮೇಲಿನ ನೆರಳುಗಡಿಯಾರದಲ್ಲಿ ‘ನಾವು ನೆರಳು’ ಎಂಬರ್ಥದ ಲ್ಯಾಟಿನ್ ಮಾತು ಇಂದಿಗೂ ಇದೆ. ನಾನು ಹೋದಾಗ ಪ್ರಾರ್ಥನೆ ಮುಗಿಸಿದವರು ಅದರ ಕೆಳಗಿನಿಂದ ಹೊರಬರುತ್ತಿದ್ದರು.