ಈವ್ ಆನ್‌ಲೈನ್: ಪೊಲೀಸ್ರು ಬರ್ತಾರ, ಆದ್ರ ನಿಮ್ ಶಿಪ್ ಒಡೆದ ಮ್ಯಾಲ

ಹೋದ ಐತವಾರ ಮಧ್ಯಾಹ್ನ ಉಂಡು ಕೂತು, ಈವ್ ಆನ್‌ಲೈನ್ ಗೇಮ್‌ನಾಗ ಎರಡ್ ತಿಂಗ್ಳು ಮೈನಿಂಗ್ ಮಾಡಿ ಕೂಡಿಸಿದ್ದ ಮಾಲ್ ಎಲ್ಲಾ ಒಂದೇ ಹಾಲರ್‌ನಾಗ (ಮಾಲ್ ಸಾಗಿಸೋ ಶಿಪ್) ತುಂಬ್ಕೊಂಡು ಗೇಮ್‌ನಾಗಿನ ದೊಡ್ಡ ಸಂತಿ ಜೀಟಾ ಕಡೆ ಹೊಂಟಿದ್ದೆ, ಆಟೋಪೈಲಟ್ ಹಚ್ಚಿ ಚಾ ಕುಡೀಲಿಕ್ಕ ಎದ್ದು ಹೋದೆ, ವಾಪಸ್ ಬರೋದ್ರಾಗ ಶಿಪ್ ಇಲ್ಲ, ಮಾಲ್ ಇಲ್ಲ, ಜೀವ ಉಳಿಸೋ ತತ್ತಿಯಂಥ ಪಾಡ್‌ನಾಗ ನಾ ಒಬ್ಬನೇ ತೇಲ್ಕೋತ ಕೂತೀನಿ. ಎಲ್ಲಿ ಅಂದ್ರ ಹಾಲರ್ ಲೂಟಿಗೆ ಹೆಸ್ರಾದ ಯೂಡಾಮಾದಾಗ. ಈ ಗೇಮ್ ಆಡೋರಿಗೆ ಆ ಹೆಸ್ರು ಹೇಳಿದ್ರ ಸಾಕು, ಮುಂದಿಂದು ಕೇಳೋದೇ ಇಲ್ಲ, ನಕ್ಕು ಬಿಡ್ತಾರ.

ಆದ್ರೂ ಗೇಮ್‌ಗೆ 5ಕ್ಕ 4 ಸ್ಟಾರ್ ಕೊಡ್ಲಿಕತ್ತೀನಿ, ಯಾಕ ಅಂತ ಹೇಳ್ತೀನಿ.

ಗೊತ್ತಿಲ್ಲದೋರಿಗೆ: ಐಸ್‌ಲ್ಯಾಂಡಿನ ಸಿಸಿಪಿ ಅನ್ನೋ ಕಂಪನಿ 2003ರಾಗ ಬಿಟ್ಟ ಸ್ಪೇಸ್ ಗೇಮ್ ಇದು, 2016ರಿಂದ ಫ್ರೀಯಾಗೂ ಆಡಬಹುದು. ಚೀನಾದೋರಿಗೆ ಬ್ಯಾರೆ ಅದ, ಉಳಿದೋರೆಲ್ಲ ಒಂದೇ ಸರ್ವರ್‌ನಾಗ. ಕನ್ನಡ ಇಲ್ಲ, ಅದನ್ನ ಕೇಳಬ್ಯಾಡ್ರಿ.

ಇದರ ಫೈಟಿಂಗ್ ರೂಲ್ಸ್ ತಿಳ್ಕೊಳ್ದ ಆಡಿದ್ರ ನನ್ ಗತೀನೇ. ಪ್ರತಿ ಸಿಸ್ಟಮ್‌ಗೂ (ಒಂದ್ ನಕ್ಷತ್ರ, ಅದರ ಸುತ್ತಲ ಜಾಗ) ಒಂದು ಸೆಕ್ಯೂರಿಟಿ ನಂಬರ್ ಇರ್ತದ. 1.0ರಿಂದ 0.5ರ ತನಕ ಹೈಸೆಕ್, 0.4ರಿಂದ 0.1 ಲೋಸೆಕ್, ಅದರ ಕೆಳಗ ನಲ್ ಅಂತಾರ, ಅಲ್ಲಿ ಯಾರಿಗೆ ಹೊಡೆದ್ರೂ ಕೇಳೋರಿಲ್ಲ. ಹೈಸೆಕ್ ಅಂದ ಕೂಡ್ಲೆ ಹೊಸಬ್ರು ಏನ್ ತಿಳ್ಕೋತಾರ ಅಂದ್ರ ಇಲ್ಲಿ ನಮ್ಮನ್ನ ಯಾರೂ ಹೊಡಿಯಾಂಗಿಲ್ಲ ಅಂತ. ತಪ್ಪು. ಹೊಡಿಬಹುದು. ಹೊಡೆದ ಮ್ಯಾಲ ಕಾಂಕಾರ್ಡ್ ಅನ್ನೋ ಪೊಲೀಸ್ರು ಬಂದು ಹೊಡೆದೋನ ಶಿಪ್ ಪುಡಿ ಮಾಡ್ತಾರ, ಅವರ ಕೈಯಾಗಿಂದ ತಪ್ಪಿಸ್ಕೊಳ್ಳೋದು ಗೇಮ್‌ನಾಗೇ ತಪ್ಪು, ಬ್ಯಾನ್ ಆಗ್ತದ. ಆದ್ರ ನಿಮ್ಮನ್ನ ಉಳಿಸೋದು ಅವರ ಕೆಲಸ ಅಲ್ಲ. 1.0ದಾಗ ಲಗೂನ ಬರ್ತಾರ, 0.5ದಾಗ ತಡ ಮಾಡ್ತಾರ, ಯೂಡಾಮಾ 0.5 ನೋಡ್ರಿ, ಅದಕ್ಕೇ ಲೂಟಿ ಮಾಡೋರು ಅಲ್ಲಿ ಕಾಯ್ಕೊಂಡ್ ಕೂಡ್ತಾರ.

ಸಿಟ್ಟಿಗೆ ಸಿಂಧನೂರಿನ ದೋಸ್ತಗ ಫೋನ್ ಹಚ್ಚಿದೆ. ಅಂವಾ ರೈಸ್ ಮಿಲ್‌ನಾಗ ಲೆಕ್ಕ ಬರೀತಾನ, ನನಗಿಂತ ಮೊದ್ಲಿಂದ ಆಡ್ತಾನ. ಸಮಾಧಾನ ಹೇಳ್ತಾನ ಅಂದ್ಕೊಂಡಿದ್ದೆ, ಅಂವಾ ಲೆಕ್ಕ ಹೇಳ್ದ. "ಲೇ, ಶಿಪ್ ಒಡೆದ್ರ ಒಳಗಿನ ಮಾಲಿನಾಗ ಸುಮಾರು ಅರ್ಧ ಉಳೀತದ, ಅರ್ಧ ಸುಟ್ಟು ಹೋಗ್ತದ. ಅವರು ತರೋವು ಕ್ಯಾಟಲಿಸ್ಟ್, ಅಗ್ಗದ ಶಿಪ್, ಹೆಂಗೂ ಸಾಯ್ತಾವಂತ ಗೊತ್ತಿದ್ದೇ ತರ್ತಾರ, ಕಾಂಕಾರ್ಡ್ ಹೊಡೆದ್ರ ಇನ್ಶೂರೆನ್ಸ್ ರೊಕ್ಕಾನೂ ಬರಂಗಿಲ್ಲ. ಅವೆಲ್ಲಾ ಶಿಪ್ಪಿನ ಖರ್ಚಿಗಿಂತ ನಿನ್ ಮಾಲಿನ ಅರ್ಧ ರೇಟ್ ಜಾಸ್ತಿ ಆದ್ರ ನೀ ಬ್ಯಾಟಿ. ಕಮ್ಮಿ ಆದ್ರ ನಿನ್ ಕಡೆ ಹೊಳ್ಳಿನೂ ನೋಡಂಗಿಲ್ಲ. ನೀ ಎಷ್ಟರ ಮಾಲ್ ತುಂಬಿದ್ದಿ?" ಹೇಳ್ದೆ. ಐದ್ ನಿಮಿಷ ನಕ್ಕ.

ಅಂವಾ ಹೇಳೋದು ಖರೇನೇ. ದಾರ್‍ಯಾಗ ಸ್ಕ್ಯಾನರ್ ಹಚ್ಚಿ ಯಾರ್ ಏನ್ ತುಂಬ್ಯಾರ ಅಂತ ನೋಡಿಬಿಡ್ತಾರ. ರಾಯಚೂರ್ ಎಪಿಎಂಸಿದಾಗ ಹತ್ತಿ ಮಾರಿ ಬಂದೋನು ರೊಕ್ಕ ಎಣಿಸ್ಕೋತ ಬಸ್ ಸ್ಟ್ಯಾಂಡಿನಾಗ ನಿಲ್ತಾನೇನು? ನಾ ಮಾಡಿದ್ದು ಅದನ್ನೇ. ಮ್ಯಾಲ ಆಟೋಪೈಲಟ್ ಬ್ಯಾರೆ, ಅದು ಮುಂದಿನ ಸಿಸ್ಟಮ್‌ಗೆ ಹಾರೋ ಗೇಟಿನ ಹತ್ರ ಇಳಿಸಂಗಿಲ್ಲ, ದೂರ ಇಳಿಸಿ ಬಸವನಹುಳದಂಗ ತೆವಳಿಸ್ತದ.

ನನಗ ಭಾಳ ಸೇರಿದ್ದು ಸೇಫ್ಟಿ ಬಟನ್. ಹಸ್ರು ಇದ್ರ ನೀವು ಕೈ ತಪ್ಪಿನೂ ಗುನ್ನೆ ಮಾಡ್ಲಿಕ್ಕ ಆಗಂಗಿಲ್ಲ. ಹಳದಿ ಮಾಡಿ ಬ್ಯಾರೆಯೋರ ಮಾಲ್ ಎತ್ತಿದ್ರಿ ಅಂದ್ರ 15 ನಿಮಿಷ ಸಸ್ಪೆಕ್ಟ್ ಆಗ್ತೀರಿ, ಆ 15 ನಿಮಿಷ ಯಾರ್ ಬೇಕಾದ್ರೂ ನಿಮ್ಮನ್ನ ಹೊಡಿಬಹುದು, ಪೊಲೀಸ್ರು ನೋಡ್ಕೋತ ನಿಲ್ತಾರ. ಕೆಲವ್ರು ಬೇಕಂತನೇ ಸಸ್ಪೆಕ್ಟ್ ಆಗಿ ಸ್ಟೇಷನ್ ಮುಂದ ನಿಂತಿರ್ತಾರ, ಪಾಪ ಬಡಪಾಯಿ ಅಂತ ನೀವು ಒಂದ್ ಗುಂಡು ಹೊಡೆದ್ರಿ ಅಂದ್ರ ಈಗ ಅಂವಾ ನಿಮ್ಮನ್ನ ಕಾಯ್ದೆ ಪ್ರಕಾರನೇ ಹೊಡಿಬಹುದು. ಡ್ಯುಯೆಲ್ ರಿಕ್ವೆಸ್ಟ್ (ಇಬ್ರೇ ಹೊಡೆದಾಡೋಣು ಅಂತ ಕರೆ) ಬಂದ್ರೂ ಹಂಗೇ, ಗುರುತಿಲ್ಲದೋರಿಂದ ಬಂದ್ರ ಒಪ್ಪಬ್ಯಾಡ್ರಿ.

ಲೋಸೆಕ್‌ನಾಗ ಪೊಲೀಸ್ರಿಲ್ಲ, ಗೇಟಿಗೂ ಸ್ಟೇಷನ್ನಿಗೂ ತೋಪು ಇರ್ತಾವ ಅಷ್ಟೇ. ಸಿಕ್ಕಸಿಕ್ಕೋರಿಗೆ ಹೊಡ್ಕೋತ ಹೋದ್ರ ನಿಮ್ ಸೆಕ್ಯೂರಿಟಿ ಸ್ಟೇಟಸ್ (ನಡತೆಗೆ ಕೊಡೋ ಅಂಕ) ಇಳೀತದ, -5ರ ಕೆಳಗ ಹೋದ್ರಿ ಅಂದ್ರ ಹೈಸೆಕ್‌ನಾಗೂ ನಿಮ್ಮನ್ನ ಯಾರಾದ್ರೂ ಕೇಳ್ದೇ ಹೊಡೀತಾರ. ಒಂದ್ ಕಾರ್ಪೊರೇಷನ್ (ಆಟಗಾರ್ರ ಗುಂಪು) ಇನ್ನೊಂದರ ಮ್ಯಾಲ ವಾರ್ ಡಿಕ್ಲೇರ್ ಮಾಡೋದಿದ್ರ ಹೊಡೆಯೋಕ ಮೊದ್ಲು 24 ತಾಸು ಟೈಮ್ ಕೊಡ್ಬೇಕು, 2018ರಿಂದ ಸ್ಪೇಸ್‌ನಾಗ ಸ್ವಂತ ಸ್ಟ್ರಕ್ಚರ್ (ಸ್ಟೇಷನ್ನಿನಂಥದ್ದು) ಕಟ್ಟಿದ ಕಾರ್ಪೊರೇಷನ್‌ಗಳ ಮ್ಯಾಲಷ್ಟೇ. ಇದು ಚಲೋ ಮಾಡ್ಯಾರ, ಸಣ್ಣ ಗುಂಪಿನೋರು ಉಳ್ಕೊಂಡ್ರು.

ಒಂದ್ ಸ್ಟಾರ್ ಯಾಕ ಕಟ್ ಮಾಡ್ದೆ ಅಂದ್ರ, ನಮ್ ಕಡೆಯೋರಿಗೇ ಹತ್ತೋ ರೂಲ್ ಒಂದದ. ಬ್ಯಾರೆ ಆಟಗಾರ್ರ ಜೋಡಿ ಫೈಟ್ ನಡೆದಿರಬೇಕಾದ್ರ ನೀವು ಲಾಗೌಟ್ ಆದ್ರ ಶಿಪ್ ಮಾಯ ಆಗಂಗಿಲ್ಲ, 15 ನಿಮಿಷ ಸ್ಪೇಸ್‌ನಾಗೇ ಇರ್ತದ. ಓಡಿ ಹೋಗೋರಿಗೆ ಅಂತ ಮಾಡ್ಯಾರ, ನ್ಯಾಯ ಬಿಡ್ರಿ. ಆದ್ರ ಏಪ್ರಿಲ್ ತಿಂಗ್ಳು, ಹೊರಗ ಬಿಸ್ಲು ಸುಡ್ಲಿಕತ್ತದ, ಫ್ಯಾನ್ ನಿಂತು ಮಾನಿಟರ್ ಆಫ್ ಆಯ್ತು ಅಂದ್ರ ನಾ ಓಡಿ ಹೋದ್ನೋ ಕರೆಂಟ್ ಹೋತೋ ಆ ಸರ್ವರ್‌ಗೆ ಹೆಂಗ ಗೊತ್ತಾಗಬೇಕು? ಇದರ ಸಲುವಾಗಿ ಯುಪಿಎಸ್ ತಗೊಂಡೆ. ಮನ್ಯಾಗ ಆಫೀಸ್ ಕೆಲ್ಸಕ್ಕ ಅಂತ ಹೇಳೀನಿ.

ಈಗ ಇನ್ನೊಂದ್ ಹಾಲರ್ ತಗೊಂಡೀನಿ. ಹೊಸಾ ಮಾಲ್ ನಾಲ್ಕ್ ಪಾಲ್ ಮಾಡಿ, ಎದ್ದು ಹೋಗ್ದೇ ಕೈಲೇ ನಡಿಸ್ಕೋತ ಒಯ್ಲಿಕತ್ತೀನಿ. ದಿನಾ ನಮ್ ಟೈಮ್ ಸಂಜಿ 4:30ಕ್ಕ ಸರ್ವರ್ ಬಂದ್ ಮಾಡ್ತಾರ, ಅಷ್ಟೊತ್ತಿಗೆ ಎರಡ್ನೇ ಟ್ರಿಪ್ ಮುಗೀಬೇಕು. ಚಾ ಟೇಬಲ್ ಮ್ಯಾಲೇ ತಂದ್ ಇಟ್ಕೊಂಡೀನಿ.