ಉಪ್ಪು ನೀರಿನ ಟ್ಯಾಂಕಿಗೆ ಕಲ್ಲು ಅಂಟಿಸಲು ಯಾವ ಅಂಟು ಒಳ್ಳೆಯದು? ಜೆಲ್, ಹತ್ತಿ, ಪುಟ್ಟಿ ಎಲ್ಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸಮುದ್ರದ ಮೀನಿನ ಟ್ಯಾಂಕಿಗೆ ಕಲ್ಲು ಜೋಡಿಸುವವರು ಒಂದೇ ಒಂದು ಅಂಟು ಕೊಳ್ಳುವುದಾದರೆ ಜೆಲ್ ರೂಪದ ಸೂಪರ್ ಗ್ಲೂ ಕೊಳ್ಳಿ. ಇನ್ನೊಂದಕ್ಕೆ ದುಡ್ಡಿದ್ದರೆ ಎಪಾಕ್ಸಿ ಪುಟ್ಟಿಯ ಒಂದು ಕಡ್ಡಿ. ಸಿಮೆಂಟ್ ಬೇಡ. ಮುಂಬೈ ಫ್ಲ್ಯಾಟಿನ ಹಾಲ್‌ನಲ್ಲಿ ಹಿಡಿಸುವ ಟ್ಯಾಂಕಿಗೆ ಅದರ ರಗಳೆ ಯಾಕೆ?

ನನ್ನ ಟ್ಯಾಂಕು ಮುಲುಂಡ್‌ನಲ್ಲಿದೆ. 3 ಅಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ. ತುಂಬಿದರೆ ಸುಮಾರು 190 ಲೀಟರ್. ಹಾಕಿರುವುದು ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲು, ಮೈತುಂಬಾ ತೂತು ಇರುವಂಥದ್ದು. ಯಾರಾದರೂ ನಿಮಗೆ ನಮ್ಮ ಸಮುದ್ರದಿಂದ ತೆಗೆದ ಹವಳದ ಕಲ್ಲು ಅಗ್ಗಕ್ಕೆ ಕೊಡುತ್ತೇನೆ ಅಂದರೆ ದಯವಿಟ್ಟು ತಗೋಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿ 2001ರಿಂದಲೇ ಇವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಕಾನೂನು ಒಂದು ಕಡೆ ಇರಲಿ, ಹವಳ ಸಾಕುವ ಆಸೆಯಿಂದ ಹವಳದ ದಂಡೆಯನ್ನೇ ಕೀಳಿಸುವುದು ಸರಿಯಲ್ಲ.

ಅಂಟಿನ ವಿಷಯಕ್ಕೆ ಬರುವ ಮೊದಲು ಒಂದು ಮಾತು. ನಮ್ಮ ಭಾವ ಡೊಂಬಿವಲಿಯಲ್ಲಿ ಟೈಲ್ಸ್ ಕಂಟ್ರಾಕ್ಟ್ ಮಾಡುತ್ತಾರೆ, ಊರು ಕುಂದಾಪುರದ ಕಡೆ. ನಾನು ಟ್ಯೂಬ್ ತೆರೆದು ಕೂತಿದ್ದಾಗ ಬಂದವರು ಕಲ್ಲನ್ನು ಬೆರಳಲ್ಲಿ ಒತ್ತಿ ನೋಡಿದರು.

"ಅಂಟು ಆಮೇಲೆ ಮಾರಾಯ. ಮೊದಲು ಕಲ್ಲು ತಾನಾಗಿ ಕೂರ್ತದಾ ನೋಡು."

"ನೀರೊಳಗೆ ಹಗುರ ಆಗ್ತದಲ್ಲ ಭಾವ?"

"ಹಗುರ ಆದ್ರೆ ಅಲ್ಲಾಡುದು ಇನ್ನೂ ಜಾಸ್ತಿ ಅಲ್ವಾ?"

ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಯಾರೂ ಕೊಟ್ಟಿಲ್ಲ. ನೀರಿನಲ್ಲಿ ಕಲ್ಲಿನ ಭಾರ ಕಡಿಮೆಯಾಗುತ್ತದೆ, ಅದರ ಜೊತೆ ಕಲ್ಲು ಕಲ್ಲಿಗೆ ಕಚ್ಚಿ ಕೂರುವ ಬಲವೂ ಕಡಿಮೆಯಾಗುತ್ತದೆ. ಮೇಲಿಂದ ವೇವ್‌ಮೇಕರ್ ದಿನವಿಡೀ ನೀರು ತಳ್ಳುತ್ತಿರುತ್ತದೆ, ದೊಡ್ಡ ಬಸವನಹುಳು ಏರುತ್ತದೆ, ಕಡಲ ಮುಳ್ಳುಚೆಂಡು ಇದ್ದರಂತೂ ಅಡ್ಡ ಬಂದದ್ದನ್ನೆಲ್ಲ ಉರುಳಿಸಿಕೊಂಡೇ ಹೋಗುತ್ತದೆ. ಹಾಗಾಗಿ ಭಾರ ಹೊರುವ ಕೆಲಸ ಕಲ್ಲಿನದ್ದೇ ಆಗಿರಬೇಕು. ಕೂತ ಕಲ್ಲು ಜರುಗದಂತೆ ನೋಡಿಕೊಳ್ಳುವುದಷ್ಟೇ ಅಂಟಿನ ಕೆಲಸ. ಟ್ಯಾಂಕಿನ ತಳದ ಅಳತೆಗೆ ಒಂದು ರಟ್ಟು ಕತ್ತರಿಸಿ, ಅದರ ಮೇಲೆ ಅಂಟಿಲ್ಲದೆ ಪೂರಾ ಜೋಡಿಸಿ. ಪ್ರತಿ ಕಲ್ಲೂ ಕೆಳಗಿನದರ ಮೇಲೆ ಮೂರು ಕಡೆ ತಾಗಿ ನಿಲ್ಲಬೇಕು. ನಿಲ್ಲದಿದ್ದರೆ ತಿರುಗಿಸಿ ನೋಡಿ, ಇಲ್ಲವೇ ಉಳಿಯಿಂದ ಮೂಲೆ ಕೆತ್ತಿ. ನಿಂತ ಮೇಲೆ ತಾಗುವ ಜಾಗಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ, ಮೊಬೈಲಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಆಮೇಲೆ ಬಿಚ್ಚಿ.

ಈಗ ಜೆಲ್. ಇದು ಸಯನೋಅಕ್ರಿಲೇಟ್. ನಾವೆಲ್ಲ ಫೆವಿಕ್ವಿಕ್ ಅಂತ ಕರೆಯುವ ಜಾತಿಯದ್ದೇ, ಆದರೆ ನೀರಿನಂತೆ ಹರಿಯುವುದಿಲ್ಲ, ಹಾಕಿದ ಕಡೆ ನಿಲ್ಲುತ್ತದೆ. ಈ ಅಂಟು ಸಿಕ್ಕಿದ ಕಥೆಯೂ ಚೆನ್ನಾಗಿದೆ. 1942ರಲ್ಲಿ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಈ ವಸ್ತು ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡು ತೊಂದರೆ ಕೊಟ್ಟಿತು. ಅದೇ ಗುಣ ಹಿಡಿದು 1958ರಲ್ಲಿ ಅಂಟಾಗಿ ಮಾರುಕಟ್ಟೆಗೆ ಬಂತು. ಇದು ಗಟ್ಟಿಯಾಗಲು ಗಾಳಿಯ ತೇವ ಬೇಕು, ಒಣಗುವುದು ಅನ್ನುವುದೇ ತಪ್ಪು. ಮುಂಬೈಯಲ್ಲಿ ತೇವಕ್ಕೇನು ಬರ, ಜುಲೈನಲ್ಲಂತೂ ಟ್ಯೂಬಿನ ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ತೆರೆದ ಟ್ಯೂಬನ್ನು ಗಾಳಿಯಾಡದ ಡಬ್ಬಿಯಲ್ಲಿ, ಶೂ ಬಾಕ್ಸಿನಲ್ಲಿ ಬರುತ್ತದಲ್ಲ ಆ ಸಿಲಿಕಾ ಪುಡಿಕೆ ಜೊತೆ ಹಾಕಿ ಫ್ರಿಜ್‌ನಲ್ಲಿಡಿ.

ಜೆಲ್‌ನ ಒಳ್ಳೆಯ ಗುಣ, ಎರಡು ಕಲ್ಲು ನಿಜವಾಗಿ ತಾಗುವ ಕಡೆ ಹಾಕಿ ಒತ್ತಿ ಹಿಡಿದರೆ ಬೇಗ ಕಚ್ಚುತ್ತದೆ. ಗಟ್ಟಿಯಾದ ಮೇಲೆ ಮೀನಿಗೆ, ಹವಳಕ್ಕೆ ಏನೂ ಮಾಡುವುದಿಲ್ಲ. ಹವಳ ಸಾಕುವವರು ತುಂಡುಗಳನ್ನು ಅಂಟಿಸುವುದೂ ಇದರಿಂದಲೇ. ದೋಷವೂ ಇದೆ. ಎಳೆದರೆ ತಡೆಯುತ್ತದೆ, ಆದರೆ ಅಡ್ಡ ಏಟು ಬಿದ್ದರೆ ಟಕ್ ಅಂತ ಬಿಡುತ್ತದೆ. ಅಂತರ ಜಾಸ್ತಿಯಿದ್ದರೆ ತುಂಬುವುದಿಲ್ಲ. ದಪ್ಪ ಮುದ್ದೆ ಹಾಕಿದರೆ ಹೊರಗೆ ಸಿಪ್ಪೆ ಕಟ್ಟಿ ಒಳಗೆ ಹಸಿಯಾಗೇ ಇರುತ್ತದೆ.

ಅದಕ್ಕೇ ಹತ್ತಿ. ನನಗೆ ಬಹಳ ಇಷ್ಟವಾದ ಕೆಲಸ ಇದು. ಎರಡು ಕಲ್ಲಿನ ನಡುವಿನ ಸಂದಿಗೆ ಮೆಡಿಕಲ್ ಅಂಗಡಿಯ ಸಾದಾ ಹತ್ತಿಯನ್ನು ಸ್ಕ್ರೂಡ್ರೈವರ್ ತುದಿಯಿಂದ ಬಿಗಿಯಾಗಿ ತುರುಕಿ. ಅದರ ಮೇಲೆ ತೆಳ್ಳಗಿನ ಸೂಪರ್ ಗ್ಲೂ ಹನಿ ಹನಿಯಾಗಿ ಬಿಡಿ. ಇಲ್ಲಿ ಜೆಲ್ ಅಲ್ಲ, ಅಂಗಡಿಯಲ್ಲಿ ಸಿಗುವ ಪುಟ್ಟ ಟ್ಯೂಬಿನದೇ ಬೇಕು. ಹನಿ ಹತ್ತಿಗೆ ಇಳಿಯುತ್ತಿದ್ದಂತೆ ಅದು ಬಿಳಿಯಿಂದ ಮಂಕಾಗುತ್ತದೆ, ಸಣ್ಣಗೆ ಹೊಗೆ ಏಳುತ್ತದೆ, ಕಣ್ಣು ಉರಿಯುವ ಘಾಟು ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸ್ಕ್ರೂಡ್ರೈವರ್‌ನಿಂದ ತಟ್ಟಿದರೆ ಕಲ್ಲಿನದೇ ಸದ್ದು. ಹತ್ತಿ ಮತ್ತು ಈ ಅಂಟು ಸೇರಿದರೆ ಜೋರು ಬಿಸಿ ಹುಟ್ಟುತ್ತದೆ, ಕೈ ಸುಡುವಷ್ಟು. ಹಾಗಾಗಿ ಹತ್ತಿಯ ಗ್ಲೌಸ್ ಹಾಕಿಕೊಂಡು ಈ ಕೆಲಸಕ್ಕೆ ಕೈ ಹಾಕಲೇಬೇಡಿ. ನೈಟ್ರೈಲ್ ಗ್ಲೌಸ್, ಕನ್ನಡಕ ಬೇಕೇ ಬೇಕು. ಬಾಲ್ಕನಿಯಲ್ಲಿ ಅಥವಾ ಕಿಟಕಿ ತೆರೆದು ಮಾಡಿ, ಮಕ್ಕಳನ್ನು ದೂರವಿಡಿ. ಒಂದೇ ಸಲ ಟ್ಯೂಬ್ ಪೂರ್ತಿ ಸುರಿಯಬೇಡಿ. ಹತ್ತಿ ಬೇಡ ಅನ್ನುವವರು ಅಡುಗೆ ಸೋಡಾ ಉದುರಿಸಿ ಅದರ ಮೇಲೆ ಹನಿ ಬಿಡಬಹುದು. ಅದೂ ತಕ್ಷಣ ಗಟ್ಟಿಯಾಗುತ್ತದೆ, ಆದರೆ ಪುಡಿ ಸಂದಿಯಲ್ಲಿ ನಿಲ್ಲದೆ ಉದುರಿ ಹೋಗುತ್ತದೆ. ನನಗೆ ಹತ್ತಿಯೇ ಮೇಲು.

ಇನ್ನು ಎಪಾಕ್ಸಿ ಪುಟ್ಟಿ. ಪೈಪ್ ಸೋರಿದರೆ ಎಲ್ಲರ ಮನೆಯಲ್ಲೂ ಎಂ-ಸೀಲ್ ಅನ್ನುತ್ತೇವಲ್ಲ, ಅದೇ ಬಗೆ. ಅಕ್ವೇರಿಯಂಗೆ ಅಂತಲೇ ಮಾಡಿದ್ದು ಕಡ್ಡಿಯ ರೂಪದಲ್ಲಿ ಬರುತ್ತದೆ, ಒಳಗೊಂದು ಬಣ್ಣ ಹೊರಗೊಂದು ಬಣ್ಣ. ಬ್ಲೇಡಿನಿಂದ ಬೇಕಾದಷ್ಟು ಅಡ್ಡ ಕತ್ತರಿಸಿ, ಚಪಾತಿ ಹಿಟ್ಟಿನ ಹಾಗೆ ನಾದಿ, ಬಣ್ಣದ ಗೆರೆ ಒಂದೂ ಉಳಿಯಬಾರದು. ಗೆರೆ ಉಳಿದರೆ ಅಲ್ಲಿ ಎಂದಿಗೂ ಗಟ್ಟಿಯಾಗುವುದಿಲ್ಲ. ಅಂಗೈಯಲ್ಲಿ ಬೆಚ್ಚಗಾಗಲು ಶುರುವಾದರೆ ಸಮಯ ಕಡಿಮೆ ಇದೆ ಅಂತ ತಿಳಿಯಿರಿ.

ಪುಟ್ಟಿಯನ್ನು ಅಂಟು ಅಂದುಕೊಂಡು ಕೊಳ್ಳುವವರೇ ಜಾಸ್ತಿ. ಕಲ್ಲಿಗೆ, ಅದರಲ್ಲೂ ಒದ್ದೆ ಕಲ್ಲಿಗೆ, ಅದು ಸರಿಯಾಗಿ ಅಂಟುವುದೇ ಇಲ್ಲ. ಅದು ತೂತುಗಳೊಳಗೆ ಇಳಿದು, ಅಲ್ಲಿಯೇ ಗಟ್ಟಿಯಾಗಿ, ಕಲ್ಲನ್ನು ಸಿಕ್ಕಿಸಿ ಹಿಡಿಯುತ್ತದೆ. ನುಣುಪಾದ ಮೈಗೆ ಹಚ್ಚಿದರೆ ಬಿಲ್ಲೆಯಾಗಿ ಎದ್ದು ಬರುತ್ತದೆ. ಹಾಗಾಗಿ ಜೆಲ್, ಪುಟ್ಟಿ, ಮತ್ತೆ ಜೆಲ್ ಅಂತ ಮೂರು ಪದರ ಹಾಕಿ. ಕೆಳಗಿನ ಕಲ್ಲಿಗೆ ಜೆಲ್, ಅದರ ಮೇಲೆ ಪುಟ್ಟಿಯ ಉಂಡೆ, ಉಂಡೆಯ ಮೇಲೆ ಜೆಲ್, ಆಮೇಲೆ ಮೇಲಿನ ಕಲ್ಲು ಇಟ್ಟು ಸ್ವಲ್ಪ ತಿರುಚಿ ಒತ್ತಿ. ಜೆಲ್ ಕಚ್ಚುತ್ತದೆ, ಪುಟ್ಟಿ ಅಂತರ ತುಂಬುತ್ತದೆ. ನನ್ನ ಟ್ಯಾಂಕಿನ ಕಮಾನು ನಿಂತಿರುವುದು ಇದರಿಂದಲೇ. ಕೆಳಗೆ ಇಟ್ಟಿಗೆ ಅಥವಾ ಬಟ್ಟೆ ಸುರುಳಿ ಆನಿಸಿ, ಒಂದು ದಿನ ಪೂರ್ತಿ ಮುಟ್ಟದೆ ಬಿಡಬೇಕು.

ಪುಟ್ಟಿಯ ಬಗ್ಗೆ ಎರಡು ದೂರು. ಕಲ್ಲಿನ ಮೇಲೆ ಹಬ್ಬುವ ಹವಳದ ಪಾಚಿಯ ಬಣ್ಣ ಅಂತ ನೇರಳೆ ಪುಟ್ಟಿ ಮಾರುತ್ತಾರೆ, ಒಣ ಕಲ್ಲಿನ ಬಿಳುಪಿನ ಮೇಲೆ ಅದು ಕಣ್ಣಿಗೆ ಹೊಡೆಯುತ್ತದೆ. ಬೂದು ಅಥವಾ ಬಿಳಿ ತಗೊಳ್ಳಿ, ಕಲ್ಲಿನ ಪುಡಿ ಒತ್ತಿದರೆ ಗುರುತೇ ಸಿಗುವುದಿಲ್ಲ. ಇನ್ನೊಂದು, ನಾನು ತಂದ ಒಂದು ಕಡ್ಡಿ ಹೊರಗಿನ ಪದರ ಆಗಲೇ ಗಟ್ಟಿಯಾಗಿ ಕಾಳು ಕಾಳಾಗಿತ್ತು, ಅಂಗಡಿಯವರು ಬದಲಾಯಿಸಿ ಕೊಡಲಿಲ್ಲ. ಕೊಳ್ಳುವಾಗ ಪ್ಯಾಕೆಟ್ ಮೇಲಿಂದಲೇ ಬೆರಳಲ್ಲಿ ಒತ್ತಿ, ಮೆತ್ತಗಿದ್ದರೆ ಮಾತ್ರ ದುಡ್ಡು ಕೊಡಿ. ತುಂಬಿದ ಟ್ಯಾಂಕಿನೊಳಗೆ ಪುಟ್ಟಿ ಬಳಸಿದರೆ ನೀರು ಸ್ವಲ್ಪ ಮಬ್ಬಾಗುತ್ತದೆ, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ವಿಪರೀತ ನೊರೆ ಉಕ್ಕಿಸುತ್ತದೆ. ಗಾಬರಿ ಬೇಡ, ಸ್ಕಿಮ್ಮರ್ ಕಪ್ ಎತ್ತರಿಸಿ ಬಿಡಿ, ಇಳಿಯುತ್ತದೆ.

ಸಿಮೆಂಟ್ ಬೇಡ ಅಂದಿದ್ದು ಅಂಟುವುದಿಲ್ಲ ಅಂತಲ್ಲ. ಹೊಸ ಸಿಮೆಂಟಿನ ಪಿಎಚ್ 12ಕ್ಕಿಂತ ಮೇಲಿರುತ್ತದೆ, ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಟ್ಯಾಂಕಿಗೆ, ಬೇಕಾದದ್ದು 8ರ ಆಸುಪಾಸು. ನೀರು ಬದಲಾಯಿಸುತ್ತಾ ವಾರಗಟ್ಟಲೆ ನೆನೆಸಬೇಕು. ಬಕೆಟ್ ಇಡಲೂ ಜಾಗ ಹುಡುಕುವ ಮನೆಯಲ್ಲಿ ಅದು ಆಗದ ಮಾತು.

ಕಲ್ಲು ಉದ್ದಕ್ಕೆ ಚಾಚಿಕೊಂಡಿದ್ದರೆ ಯಾವ ಅಂಟನ್ನೂ ನಂಬಬೇಡಿ. ಎರಡೂ ಕಲ್ಲಿಗೆ ಮೇಸನ್ರಿ ಬಿಟ್‌ನಿಂದ (ಗೋಡೆ ಕೊರೆಯುವ ಡ್ರಿಲ್ ಬಿಟ್) ತೂತು ಕೊರೆದು ಅಕ್ರಿಲಿಕ್ ಅಥವಾ ಫೈಬರ್‌ಗ್ಲಾಸ್ ಕಡ್ಡಿ ಹಾಕಿ, ಸುತ್ತ ಪುಟ್ಟಿ ತುಂಬಿ. ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ಉಪ್ಪು ನೀರು ಸ್ಟೀಲನ್ನೂ ಬಿಡುವುದಿಲ್ಲ. ತಾಮ್ರ, ಹಿತ್ತಾಳೆ ಹತ್ತಿರ ಸುಳಿಯಬಾರದು, ಸಿಗಡಿ ಮತ್ತು ಹವಳಕ್ಕೆ ಅದು ವಿಷ.

ಎಲ್ಲಿ ಕೊಳ್ಳುವುದು? ಕಲ್ಲು, ಅಕ್ವೇರಿಯಂ ಪುಟ್ಟಿ ನೋಡಲು ಕ್ರಾಫರ್ಡ್ ಮಾರ್ಕೆಟ್ಟಿನ ಮೀನಿನ ಅಂಗಡಿಗಳು, ಇಲ್ಲವೇ ಕುರ್ಲಾ. ಸೂಪರ್ ಗ್ಲೂ, ಡ್ರಿಲ್ ಬಿಟ್, ಗ್ಲೌಸ್ ಮಾತ್ರ ಮೀನಿನ ಅಂಗಡಿಯಲ್ಲಿ ತಗೋಬೇಡಿ. ಕ್ರಾಫರ್ಡ್‌ನಿಂದ ಹತ್ತಿರದಲ್ಲೇ ನಾಗದೇವಿ ಸ್ಟ್ರೀಟ್ ಇದೆ, ಸಾಲಾಗಿ ಹಾರ್ಡ್‌ವೇರ್ ಅಂಗಡಿಗಳು. ರೀಫ್ ಅಂತ ಬರೆದ ಚಂದದ ಟ್ಯೂಬಿಗೆ ಸುಮ್ನೆ ಜಾಸ್ತಿ ಕೊಡುವ ಬದಲು ಟ್ಯೂಬಿನ ಹಿಂದೆ ಓದಿ, ಈಥೈಲ್ ಸಯನೋಅಕ್ರಿಲೇಟ್ ಅಂತಿದ್ದರೆ ಸಾಕು, ವಸ್ತು ಅದೇ. ತಯಾರಾದ ತಿಂಗಳು ನೋಡಲು ಮರೆಯಬೇಡಿ. ಪುಟ್ಟಿಯ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ, ಅಕ್ವೇರಿಯಂಗೆ ಅಥವಾ ಕುಡಿಯುವ ನೀರಿಗೆ ಸುರಕ್ಷಿತ ಅಂತ ಬರೆದಿದ್ದರೆ ಮಾತ್ರ ತನ್ನಿ.

ಟ್ಯಾಂಕಿಗೆ ಇಳಿಸುವಾಗ ಕಲ್ಲು ಮೊದಲು, ಮರಳು ಆಮೇಲೆ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಮೀನು, ಪಿಸ್ತೂಲ್ ಸಿಗಡಿ ಅಡಿಯಲ್ಲಿ ಬಿಲ ತೋಡಿ ಬುಡವನ್ನೇ ಸಡಿಲ ಮಾಡುತ್ತವೆ. ಹಿಂದಿನ ಗಾಜಿಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿ, ಮ್ಯಾಗ್ನೆಟ್ ಕ್ಲೀನರ್ ಓಡಾಡಬೇಕು, ನೀರೂ ಹರಿಯಬೇಕು.